ನನ್ನ ಹೆಸರಿಲ್ಲದ ಕೇಕು

ಹೊಟ್ಟೆಕಿಚ್ಚಿಗೆ ವಾಸನೆ ಇರುತ್ತದೆಯೇ ಎಂದು ಯಾರಾದರೂ ನನ್ನನ್ನು ಕೇಳಿದರೆ, ಇರುತ್ತದೆ, ವೆನಿಲಾ ವಾಸನೆ ಎನ್ನುತ್ತೇನೆ. ವಡೋದರಾದ ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ, ಅಪ್ಪನ ಬ್ಯಾಂಕಿನ ಕ್ಯಾಲೆಂಡರಿನ ಕೆಳಗೆ, ಒಂದು ಸ್ಟೂಲಿನ ಮೇಲೆ ಅವ್ವನ ಓವನ್ ಕೂತಿರುತ್ತಿತ್ತು. ಅಲ್ಯೂಮಿನಿಯಮ್ಮಿನ ದುಂಡು ಓವನ್, ಮುಚ್ಚಳದ ನಡುವೆ ಅಂಗೈಯಷ್ಟು ಗಾಜು, ಬಟ್ಟೆ ಸುತ್ತಿದ ದಪ್ಪ ವೈರು. ಅದಕ್ಕೆ ಅಡುಗೆಮನೆಯೊಳಗೆ ಪ್ರವೇಶವಿರಲಿಲ್ಲ. ಕೇಕಿಗೆ ತತ್ತಿ ಹಾಕುತ್ತಾರೆ ಎಂದು ಅಜ್ಜಿ ಧಾರವಾಡದಲ್ಲಿದ್ದಾಗಲೇ ಎಲ್ಲೋ ಕೇಳಿದ್ದಳು. ಮೈದಾ, ಡಬ್ಬಿ ಹಾಲು, ಮೊಸರು, ಚಿಟಿಕೆ ಸೋಡಾ, ಇಷ್ಟೇ ನೋಡಿ ಎಂದು ಅವ್ವ ಅತ್ತೆಯ ಕಣ್ಣೆದುರಿಗೇ ಕಲಸಿ ತೋರಿಸಿದಳು. ಅಜ್ಜಿ ಎಲ್ಲವನ್ನೂ ನೋಡಿ, ತತ್ತಿ ಇಲ್ಲದಿದ್ದರೂ ಅದು ತತ್ತಿಯ ಜಾತಿಯದೇ ಎಂದು ತೀರ್ಪು ಕೊಟ್ಟಳು. ಹಾಗಾಗಿ ಕೇಕು ನಮ್ಮ ಮನೆಯಲ್ಲಿ ಹಜಾರದಲ್ಲೇ ಹುಟ್ಟಿ, ಹಜಾರದಲ್ಲೇ ಬೆಳೆದು, ಹಜಾರದ ಬಾಗಿಲಿನಿಂದಲೇ ಬೇರೆಯವರ ಮನೆಗೆ ಹೊರಟುಹೋಗುತ್ತಿತ್ತು. ನನ್ನ ತಕರಾರೆಲ್ಲ ಆ ಕೊನೆಯ ಮಾತಿನದು.

ನಾವು ಧಾರವಾಡದಿಂದ ವರ್ಗವಾಗಿ ಹೋದವರು, ಅಪ್ಪ, ಅವ್ವ, ಅಜ್ಜಿ, ನಾನು. ಅಲ್ಲಿ ಸೊಸೈಟಿ ಎಂದರೆ ಎದುರುಬದುರಾಗಿ ಎರಡು ಸಾಲು ಮನೆ, ನಡುವೆ ಬೇವಿನ ಮರ, ಪ್ರತಿ ಮನೆಯ ಮುಂದೆ ಒಂದೊಂದು ತೂಗುಯ್ಯಾಲೆ. ನಮ್ಮ ಎದುರುಮನೆಯ ಉಯ್ಯಾಲೆಯ ಮೇಲೆ ಮೀನಾಬೆನ್ ಕೂತು ಬಟಾಣಿ ಸುಲಿಯುತ್ತಿದ್ದರು. ಅವರ ಮಗಳು ಹೇತಲ್, ನನ್ನ ವಾರಿಗೆಯವಳು, ನನ್ನದೇ ಕ್ಲಾಸು. ನಾವು ಬಂದ ವರ್ಷವೇ ಅವಳ ಹುಟ್ಟುಹಬ್ಬಕ್ಕೆ ತಂದ ಬೇಕರಿ ಕೇಕಿನಲ್ಲಿ ತತ್ತಿಯ ವಾಸನೆ ಬಂದು, ಅವರ ಮನೆಯ ಹಿರಿಯರು ಅದನ್ನು ಹಾಗೇ ಎತ್ತಿ ಹೊರಗಿಡಿಸಿದರು. ಹೇತಲ್ ಅತ್ತಳು. ಅವ್ವನಿಗೆ ಎದುರುಮನೆಯ ಅಳು ಬಹಳ ಬೇಗ ಕೇಳಿಸುತ್ತಿತ್ತು. ಅವತ್ತೇ ಸಂಜೆಯೊಳಗೆ ಒಂದು ಕೇಕು ಮಾಡಿ ಒಯ್ದುಕೊಟ್ಟಳು. ಅಲ್ಲಿಂದ ಸೊಸೈಟಿಯಲ್ಲಿ ಯಾವ ಮಗು ಒಂದು ವರ್ಷ ದೊಡ್ಡದಾಗಬೇಕಾದರೂ ಅವ್ವನ ಓವನ್ನಿನ ಅಪ್ಪಣೆ ಬೇಕಾಯಿತು. ಮಕ್ಕಳೆಲ್ಲ ಅವಳನ್ನು ಆಂಟಿ ಎಂದರು. ಹೇತಲ್ ಮಾತ್ರ ಮಾಸಿ ಎಂದಳು, ತನ್ನ ತಾಯಿಯ ಸ್ವಂತ ತಂಗಿಯೇನೋ ಎಂಬಂತೆ. ಅದನ್ನು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಅವ್ವನ ಕೇಕಿನಲ್ಲಿ ಬೇರೆ ಯಾರ ಕೇಕಿನಲ್ಲೂ ಇಲ್ಲದ್ದೊಂದು ಇತ್ತು. ಬೇಕರಿಯವರು ಗುಲಾಬಿ ಹೂ ಬಿಡಿಸುತ್ತಿದ್ದರು, ಅವ್ವ ಕಸೂತಿ ಹಾಕುತ್ತಿದ್ದಳು. ಧಾರವಾಡ ಸೀರೆಯ ಸೆರಗಿನ ಮೇಲಿನ ಗೋಪುರ, ತುಳಸಿ ಕಟ್ಟೆ, ನವಿಲು, ಆನೆ, ಎಲ್ಲವೂ ಬೆಣ್ಣೆ ಸಕ್ಕರೆಯಲ್ಲಿ ಮೇಲೇಳುತ್ತಿದ್ದವು. ತೊಳೆದ ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಸೂಜಿಮೊನೆಯಷ್ಟು ಕತ್ತರಿಸಿ, ಅದರೊಳಗೆ ಬಣ್ಣದ ಐಸಿಂಗ್ ತುಂಬಿ, ಎಳೆ ಎಣಿಸಿದಂತೆ ತುಟಿಯೊಳಗೇ ಎಣಿಸುತ್ತ ಸಾಗುತ್ತಿದ್ದಳು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಮುಂದೆ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುತ್ತ ಬಿಟ್ಟ ಜಾಗಗಳನ್ನು ತುಂಬುತ್ತದೆ. ಬಟ್ಟೆಯ ಹಿಂದೂ ಮುಂದೂ ಒಂದೇ ಆಗಬೇಕು. ಅವ್ವ ಕೇಕಿನ ಮೇಲೂ ಹಾಗೇ ಹೋಗಿ ಹಾಗೇ ತಿರುಗಿ ಬರುತ್ತಿದ್ದಳು, ಕೇಕಿಗೆ ಹಿಂಬದಿ ಇಲ್ಲದಿದ್ದರೂ. ಆಗ ಅವಳನ್ನು ಮಾತನಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಪಕ್ಕದಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತಿರುತ್ತಿದ್ದವಳು ಹೇತಲ್. ನಾನು ಬಾಗಿಲ ಹತ್ತಿರ ನಿಂತು ಕಾಲಿನಿಂದ ಗೋಡೆ ಒದೆಯುತ್ತಿದ್ದೆ.

ನನಗೂ ಕಸೂತಿ ಕಲಿಸಲು ಅವ್ವ ನೋಡಿದಳು. ರಜೆಯಲ್ಲಿ ಇಬ್ಬರಿಗೂ ಒಂದೊಂದು ತುಂಡು ಬಟ್ಟೆ, ಒಂದೊಂದು ಸೂಜಿ ಕೊಟ್ಟಳು. ಹೇತಲ್ ಹಾಕಿದ ಗೋಪುರ ಹಿಂದುಮುಂದು ಒಂದೇ ಇತ್ತು. ನನ್ನದು ಮುಂದೆ ಗೋಪುರವಾಗಿ, ಹಿಂದೆ ಹಕ್ಕಿಗೂಡಾಗಿತ್ತು. ಅವ್ವ ಅದನ್ನು ತಿರುಗಿಸಿ ನೋಡಿದಳು.

"ಸುಮ್ಮೀ, ಏನಿದು? ಗಂಟು ಹಾಕಬ್ಯಾಡಂತ ಎಷ್ಟ ಸಲ ಹೇಳೇನಿ? ಹೇತಲ್‌ಂದು ನೋಡು, ಎಷ್ಟ ಸ್ವಚ್ಛ ಅದ. ಅಕಿ ಕೈಯಾಗ ಏನೋ ಅದ ನೋಡು."

"ನನಗೂ ಕೈ ಅದಾವ."

"ಕೈ ಅದಾವವಾ. ಆದ್ರ ಆ ಕೈಗೆ ನಿಂದರೂದು ಗೊತ್ತಿಲ್ಲ."

ಹೇತಲ್ ಕಣ್ಣು ತಗ್ಗಿಸಿ ಸೂಜಿಗೆ ದಾರ ಪೋಣಿಸಿದಳು. ಅವಳು ನಗಲಿಲ್ಲ. ನಕ್ಕಿದ್ದರೆ ಜಗಳಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು. ಅವಳ ಒಳ್ಳೆಯತನ ನನಗೆ ಯಾವಾಗಲೂ ದೊಡ್ಡ ಅಡಚಣೆಯಾಗಿತ್ತು. ನಮ್ಮ ಅಜ್ಜಿಗೆ ಜೈ ಶ್ರೀಕೃಷ್ಣ ಎಂದು ಕಾಲು ಮುಟ್ಟುತ್ತಿದ್ದಳು, ಅಪ್ಪ ಬಂದರೆ ಕುರ್ಚಿಯಿಂದ ಏಳುತ್ತಿದ್ದಳು, ಐಸಿಂಗ್ ಬಟ್ಟಲನ್ನು ನೆಕ್ಕುವ ಮೊದಲು ನನ್ನ ಕಡೆ ಚಾಚುತ್ತಿದ್ದಳು. ನಾನು ಬೇಡ ಎನ್ನುತ್ತಿದ್ದೆ, ಆಮೇಲೆ ಅವಳು ಹೋದ ಮೇಲೆ ಬಟ್ಟಲಿನ ಅಂಚಿಗೆ ಬೆರಳು ಹಾಕುತ್ತಿದ್ದೆ.

ಇಷ್ಟೆಲ್ಲ ಕೇಕು ಹೊರಡುವ ಮನೆಯಲ್ಲಿ ನನ್ನ ಹುಟ್ಟುಹಬ್ಬಕ್ಕೆ ಕೇಕಿರಲಿಲ್ಲ. ನಮ್ಮಲ್ಲಿ ಹುಟ್ಟುಹಬ್ಬ ತಿಥಿಯ ಪ್ರಕಾರ. ನನ್ನದು ಶ್ರಾವಣ ಶುದ್ಧ ದಶಮಿ. ಬೆಳಿಗ್ಗೆ ಎಣ್ಣೆ ಸ್ನಾನ, ಹೊಸ ಫ್ರಾಕು, ಮಣೆಯ ಮೇಲೆ ಕೂಡಿಸಿ ಆರತಿ, ಮಧ್ಯಾಹ್ನಕ್ಕೆ ಗೋಧಿ ಹುಗ್ಗಿ. ಹುಗ್ಗಿಯ ಮೇಲೆ ಯಾರ ಹೆಸರನ್ನೂ ಬರೆಯಲು ಬರುವುದಿಲ್ಲ. ನನ್ನ ಹೆಸರು ಒಂದೇ ಒಂದು ಸಲ ಅವ್ವನ ಕೈಯಿಂದ ಕೇಕಿನ ಮೇಲೆ ಬರಬೇಕು, ಅದನ್ನು ಹೇತಲ್ ನೋಡಬೇಕು. ನನ್ನ ಬಾಲ್ಯದ ಆಸೆಯೆಲ್ಲ ಅಷ್ಟೇ ಆಗಿತ್ತು, ಎರಡನೆಯ ಭಾಗವೇ ತುಸು ಹೆಚ್ಚು. ಕೇಳಿದರೆ ಅಜ್ಜಿ ಜಪಮಾಲೆ ನಿಲ್ಲಿಸಿ ಅವ್ವನನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

"ದೀಪಾ ಹಚ್ಚಿ ಹರಸೂ ದಿವಸ ದೀಪಾ ಊದಿ ಆರಸ್ತಾರೇನು? ಮ್ಯಾಲ ಸುಮಂಗಲಾ ಅಂತ ಬರದು, ಆ ಹೆಸರಿನ ಮ್ಯಾಲ ಚಾಕು ಹಾಕ್ತಾರೇನು? ಮಂದಿ ಮನ್ಯಾಗ ಏನರ ಮಾಡ್ಲಿ. ನಮ್ಮ ಹುಡುಗಿ ಹೆಸರು ಕೊಯ್ಯೂದು ಬ್ಯಾಡ."

ಅವ್ವ ಹುಗ್ಗಿ ತಿರುವಲು ಒಳಗೆ ಹೋಗುತ್ತಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನಾನು ಹತ್ತು ವರ್ಷದವಳಿದ್ದಾಗ ಹೊಸದಾಗಿ ಕಲಿತಿದ್ದೆ. ಅದನ್ನು ಅವ್ವನಿಗೇ ಹೇಳಿ, ಬೆನ್ನ ಮೇಲೆ ಒಂದು ಗುದ್ದು ತಿಂದೆ.

ಆ ವರ್ಷದ ಬೇಸಿಗೆಯಲ್ಲಿ ಅವ್ವ ಶುಕ್ರವಾರದ ಸಂತೆಗೆ ಹೋದಳು. ವಡೋದರಾದಲ್ಲಿ ಅದಕ್ಕೆ ಶುಕ್ರವಾರಿ ಎನ್ನುತ್ತಾರೆ. ಹಳೆಯ ಬೀಗ, ನಿಂತ ಗಡಿಯಾರ, ಕಿವಿ ಮುರಿದ ಪಿಂಗಾಣಿ ಕಪ್ಪು, ಎಲ್ಲ ನೆಲದ ಮೇಲೆ. ಇವತ್ತಿನ ಹುಡುಗಿಯರು ಇದನ್ನೇ ವಿಂಟೇಜ್ ಎಂದು ಕಣ್ಣರಳಿಸುತ್ತಾರೆ. ಆಗ ಅಪ್ಪ ಅದಕ್ಕೆ ಮಂದಿಯ ಅಡಗಲು, ಬೇಡಾಗಿ ಎಸೆದ ಸಾಮಾನು ಎನ್ನುತ್ತಿದ್ದರು. ಅವ್ವನ ಕಣ್ಣಿಗೆ ಅಲ್ಲಿ ಯಾವಾಗಲೂ ಏನಾದರೂ ಬೀಳುತ್ತಿತ್ತು, ಲೇಸಿನ ಅಂಚಿನ ಒಂಟಿ ಕರವಸ್ತ್ರ, ನೀಲಿ ಗಾಜಿನ ಗುಂಡಿಗಳು. ಅವತ್ತು ಒಂದು ತಾಮ್ರದ ಪಾತ್ರೆ ಬಿತ್ತು. ಬಟ್ಟಲಿನಷ್ಟು ಆಳ, ಸುತ್ತಲೂ ನೆರಿಗೆ ನೆರಿಗೆ, ತಳದಲ್ಲಿ ಅರಳಿದ ಹೂವಿನ ಗುರುತು. ಮಾರುವವನು ಅರಮನೆಯ ಅಡುಗೆಮನೆಯದು ಎಂದ. ಆ ಸಂತೆಯಲ್ಲಿ ಪ್ರತಿಯೊಂದು ಸಾಮಾನೂ ಅರಮನೆಯದೇ. ಮನೆಗೆ ತಂದಾಗ ಅಪ್ಪ ಇದು ದೀಪದ ಮುಚ್ಚಳ ಎಂದರು, ಅಜ್ಜಿ ಯಾರೋ ಸಾಹೇಬನ ಟೋಪಿ ಎಂದಳು. ಅವ್ವ ಅದನ್ನು ಹುಣಸೆಹಣ್ಣಿನಿಂದ ಉಜ್ಜಿ, ಒಳಗೆ ಕಲಾಯಿ ಹಾಕಿಸಿಕೊಂಡು ಬಂದಳು. ಆಮೇಲೆ ನನ್ನನ್ನು ಹತ್ತಿರ ಕರೆದು, ಅಜ್ಜಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ಈ ಸಲ ನಿನ್ನ ದಶಮಿಗೆ ಇದರಾಗ ಕೇಕ್ ಮಾಡ್ತೇನಿ. ಮೇಣಬತ್ತಿ ಇಲ್ಲ, ಹೆಸರಿಲ್ಲ. ಅತ್ತ್ಯಾರ ಏನಂತಾರ ನೋಡೂಣು."

"ಹೆಸರು ಬೇಕು."

"ಹಟಾ ಮಾಡಬ್ಯಾಡ. ಮೊದಲ ಕೇಕ್ ಬರ್ಲಿ, ಹೆಸರು ಹಿಂದಿನಿಂದ ಬರ್ತದ."

ನಾನು ಒಪ್ಪಿದೆ. ಒಪ್ಪಿದ ಮೇಲೆ ಆ ತಾಮ್ರದ ಅಚ್ಚನ್ನು ದಿನಾ ಒಂದು ಸಲ ಮುಟ್ಟಿ ನೋಡುತ್ತಿದ್ದೆ. ಹೇತಲ್‌ಗೆ ಅದರ ಬಗ್ಗೆ ಉಸಿರೆತ್ತಲಿಲ್ಲ. ಅವಳಿಗಿಲ್ಲದ್ದೊಂದು ನನ್ನ ಹತ್ತಿರವಿತ್ತು, ಅದರ ಸುಖವೇ ಬೇರೆ.

ಈಗ ನಮ್ಮ ಮನೆಯ ಎರಡು ಕ್ಯಾಲೆಂಡರಿನ ವಿಷಯ ಹೇಳಬೇಕು. ಹಜಾರದಲ್ಲಿ ಬ್ಯಾಂಕಿನದು, ತಾರೀಕಿನದು. ದೇವರ ಮೂಲೆಯಲ್ಲಿ ಅಜ್ಜಿಯ ಪಂಚಾಂಗ, ತಿಥಿಯದು, ಧಾರವಾಡದಿಂದ ಅಂಚೆಯಲ್ಲಿ ಬರುತ್ತಿತ್ತು. ಸೊಸೈಟಿಯ ಮಕ್ಕಳ ಕೇಕುಗಳನ್ನು ಅವ್ವ ಬ್ಯಾಂಕಿನ ಕ್ಯಾಲೆಂಡರ್ ನೋಡಿ ಒಪ್ಪಿಕೊಳ್ಳುತ್ತಿದ್ದಳು, ಮನೆಯ ಹಬ್ಬಹರಿದಿನ ಪಂಚಾಂಗ ನೋಡಿ ಮಾಡುತ್ತಿದ್ದಳು. ಹೇತಲ್ ಹುಟ್ಟಿದ್ದು ಆಗಸ್ಟಿನಲ್ಲಿ. ನನ್ನ ದಶಮಿ ಒಂದು ವರ್ಷ ಅದಕ್ಕಿಂತ ಮುಂಚೆ, ಒಂದು ವರ್ಷ ಆಮೇಲೆ, ಹೀಗೆ ಓಡಾಡಿಕೊಂಡಿರುತ್ತಿತ್ತು. ಆ ವರ್ಷ ಎರಡೂ ಒಂದೇ ದಿನ ಬಂದು ಕೂತವು. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗಿ ಹೋಲಿಸಿ ನೋಡಬೇಕೆಂದು ಅವ್ವನಿಗೆ ಹೊಳೆಯಲೇ ಇಲ್ಲ. ಅವತ್ತು ಬೆಳಿಗ್ಗೆ ನನಗೆ ಆರತಿ ಎತ್ತಿ ತಟ್ಟೆ ಕೆಳಗಿಡುವ ಹೊತ್ತಿಗೆ ಮೀನಾಬೆನ್ ಬಾಗಿಲಲ್ಲಿ ನಿಂತಿದ್ದರು.

"ಬೆನ್, ಸಾಂಜೆ ಪಾಂಚ್ ವಾಗೇ ಬಧಾ ಆವ್‌ಶೇ. ಕೇಕ್ ರೆಡೀ ಥಯೀ ಜಶೇ ನೇ?"

ಸಂಜೆ ಐದಕ್ಕೆ ಎಲ್ಲರೂ ಬರುತ್ತಾರೆ, ಕೇಕು ಆಗುತ್ತದಲ್ಲ ಎಂದು ಕೇಳಿ ಅವರು ಹೋದರು. ಅವ್ವ ಆರತಿ ತಟ್ಟೆಯನ್ನು ಅಲ್ಲೇ ಬಿಟ್ಟು ಬ್ಯಾಂಕಿನ ಕ್ಯಾಲೆಂಡರ್ ಮುಂದೆ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎರಡನ್ನೂ ಮಾಡುತ್ತೇನೆ, ಮೊದಲು ನಿನ್ನದು ಎಂದಳು. ಮೊದಲು ನನ್ನದು ಎಂಬ ಮಾತು ಆ ಮನೆಯಲ್ಲಿ ನನಗೆ ಹೊಸದಾಗಿತ್ತು. ಓವನ್ನಿನ ಗಾಜಿಗೆ ಹಣೆ ಸುಡುವಷ್ಟು ಹತ್ತಿರ ಕೂತು ನೋಡಿದೆ. ಹೊರಗೆ ಮಳೆ ಶುರುವಾಗಿತ್ತು. ಅವ್ವ ಅಚ್ಚನ್ನು ಬೋರಲು ಹಾಕಿ ತಟ್ಟಿದಳು, ಕೇಕು ಒಂದು ಚೂರೂ ಅಂಟದೆ ಇಳಿಯಿತು. ಮೇಲೆ ಹೂವು, ಸುತ್ತಲೂ ನೆರಿಗೆ. ಪ್ರತಿ ನೆರಿಗೆಯ ಮೇಲೆ ಅವ್ವ ಬಿಳಿ ಐಸಿಂಗಿನಲ್ಲಿ ಒಂದೊಂದು ಸಣ್ಣ ಗೋಪುರ ನಿಲ್ಲಿಸಿದಳು. ಅಜ್ಜಿ ಕೂಡ ಬಾಗಿಲ ತನಕ ಬಂದು ನೋಡಿ, ಏನೂ ಅನ್ನದೆ ಹೋದಳು. ಅಜ್ಜಿ ಏನೂ ಅನ್ನಲಿಲ್ಲ ಎಂದರೆ ನಮ್ಮಲ್ಲಿ ಅದು ಒಪ್ಪಿಗೆ.

ಹೇತಲ್‌ಳ ಕೇಕು ಓವನ್ನಿನಲ್ಲಿ ಅರ್ಧ ಬೆಂದಿದ್ದಾಗ ಕರೆಂಟು ಹೋಯಿತು. ಬರುತ್ತದೆ, ಬರುತ್ತದೆ ಎಂದು ಕಾದೆವು. ಅವ್ವ ಕೊನೆಗೆ ಮುಚ್ಚಳ ತೆಗೆದಾಗ ಅಂಚು ಬೆಂದು, ನಡುವೆ ಕೆಸರು ಗುಂಡಿಯಾಗಿತ್ತು. ಎದುರುಮನೆಯಲ್ಲಿ ಬಲೂನು ಕಟ್ಟುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಅವ್ವ ಆ ಗುಂಡಿಯನ್ನು ನೋಡಿದಳು, ನನ್ನ ಕೇಕನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು.

"ಸುಮ್ಮೀ, ಅವರ ಮಂದೀನ್ನ ಕರದಾರವಾ. ನಮ್ಮ ಮನ್ಯಾಗ ಯಾರನ್ನೂ ಕರದಿಲ್ಲ. ನಿನಗ ನಾಳೆ ಇದರಕಿಂತ ಛಂದಂದು ಮಾಡಿಕೊಡ್ತೇನಿ."

"ನಾಳೆ ದಶಮಿ ಇರೂದಿಲ್ಲ."

ಅಜ್ಜಿಯ ಶಾಸ್ತ್ರವನ್ನು ಎತ್ತಿ ಅವ್ವನ ಮೇಲೆ ಎಸೆದಿದ್ದೆ. ಆದರೂ ಅವಳ ಕೈ ನಿಲ್ಲಲಿಲ್ಲ. ಗುಲಾಬಿ ಬಣ್ಣದ ಐಸಿಂಗ್ ತುಂಬಿ, ನನ್ನ ಕೇಕಿನ ಹೂವಿನ ಮೇಲೆ ಗುಜರಾತಿ ಅಕ್ಷರಗಳಲ್ಲಿ ಹೇತಲ್ ಎಂದು ಬರೆದಳು. ನನ್ನ ಹೆಸರು ಬೇಡವೆಂದು ಖಾಲಿ ಬಿಟ್ಟಿದ್ದ ಜಾಗ ಅದು, ಅವಳ ಹೆಸರು ಅಳತೆ ಮಾಡಿದಂತೆ ಕೂತಿತು. ಆಮೇಲೆ ಕೇಕಿನ ತಟ್ಟೆ ಎತ್ತಿಕೊಂಡು ನನ್ನ ಕೈಗೆ ಛತ್ರಿ ಕೊಟ್ಟಳು. ಅಂಗಳ ದಾಟುವಾಗ ಛತ್ರಿ ಹಿಡಿಯಲು ಬೇರೆ ಯಾರೂ ಇರಲಿಲ್ಲ. ನನ್ನ ಹುಟ್ಟುಹಬ್ಬದ ದಿನ, ನನ್ನ ಕೇಕಿಗೆ, ಹೇತಲ್‌ಳ ಮನೆಯ ತನಕ ನಾನೇ ಛತ್ರಿ ಹಿಡಿದೆ. ಕೇಕಿನ ಮೇಲೆ ಒಂದು ಹನಿ ಬೀಳಲಿಲ್ಲ. ನನ್ನ ಹೊಸ ಫ್ರಾಕು ತೊಯ್ದು ಮೈಗೆ ಅಂಟಿತು.

ಅಲ್ಲಿ ಎಲ್ಲರೂ ಕೇಕು ನೋಡಿ ಬಾಯಿ ಬಿಟ್ಟರು. ಹೇತಲ್ ಮೇಣಬತ್ತಿ ಊದಿದಳು, ಚಾಕು ಹಾಕಿದಳು. ಅಜ್ಜಿ ಹೆದರಿದಂತೆ ಅವಳ ಹೆಸರು ಎರಡು ತುಂಡಾಯಿತು, ಅವಳಿಗೇನೂ ಆಗಲಿಲ್ಲ. ಮೊದಲ ತುಂಡನ್ನು ಅವಳು ಮೀನಾಬೆನ್‌ಗೆ ತಿನ್ನಿಸುತ್ತಾಳೆ ಎಂದು ಎಲ್ಲರೂ ಕಾದಿದ್ದರು. ಅವಳು ನೇರ ನಮ್ಮ ಅವ್ವನ ಹತ್ತಿರ ಬಂದಳು.

"ಪಹೇಲಾ ಮಾಸಿ!"

ಅವ್ವ ಬಾಯಿ ತೆರೆದಳು. ಅವ್ವನ ಕಣ್ಣಲ್ಲಿ ನೀರಿತ್ತು. ಆ ನೀರು ನನಗಾಗಿಯೋ ಅವಳಿಗಾಗಿಯೋ ಎಂದು ನಾನು ಇವತ್ತಿಗೂ ಕೇಳಿಲ್ಲ, ಕೇಳುವುದೂ ಇಲ್ಲ.

ಮನೆಗೆ ಬಂದು ಮಣೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತೆ. ಹುಗ್ಗಿ ಮುಟ್ಟಲಿಲ್ಲ. ಆಗ ಅಜ್ಜಿ ಎದ್ದಳು. ಕೇಕಿನ ಬದ್ಧ ವೈರಿಯಾದ ಅಜ್ಜಿ ಅವ್ವನ ಮೇಲೆ ಹರಿಹಾಯ್ದದ್ದು ಕಂಡು ಅಪ್ಪ ಪೇಪರು ಕೆಳಗಿಟ್ಟರು.

"ಹಡದ ಮಗಳ ಎದುರಿಗಿಂದು ಎತ್ತಿ ಮಂದಿ ಮಗಳಿಗೆ ಕೊಟ್ಟು ಬಂದ್ಯಲ್ಲ! ಆ ಹಸೀದು ಎಲ್ಲದ? ಇತ್ತಾಗ ತಾ. ಬುಟ್ಟ್ಯಾಗ ತುಪ್ಪಾ ಹಾಕು."

ಧಾರವಾಡದ ಕಡೆ ಬುಟ್ಟಿ ಎಂದರೆ ಬಾಣಲೆಯಂಥ ಪಾತ್ರೆ. ಹಜಾರ ದಾಟಲಾರದ ಕೇಕು ಅವತ್ತು ಅಡುಗೆಮನೆಯ ಹೊಸ್ತಿಲು ದಾಟಿತು. ಅವ್ವ ಆ ಕೆಸರನ್ನೂ ಬೆಂದ ಅಂಚನ್ನೂ ಕೂಡಿಸಿ ತುಪ್ಪದಲ್ಲಿ ಮಗುಚಿದಳು, ಅಜ್ಜಿ ಪಕ್ಕದಲ್ಲಿ ನಿಂತು ಏಲಕ್ಕಿ ಕುಟ್ಟಿ ಹಾಕಿದಳು. ಅದು ಶಿರಾ ಆಯಿತು. ಅಜ್ಜಿ ಅದನ್ನು ದೇವರ ಮುಂದಿಟ್ಟು ನೀರು ಬಿಟ್ಟು, ಮೊದಲ ತುತ್ತನ್ನು ನನ್ನ ಬಾಯಿಗೆ ತಂದಳು.

"ಇದು ಕೇಕ್ ಅಲ್ಲ."

"ಅಲ್ಲದಿದ್ರ ಬಿಡು. ನಿಮ್ಮವ್ವನ ಕೈದು ಹೌದಲ್ಲೋ? ತಿನ್ನು."

ತಿಂದೆ. ಬಹಳ ರುಚಿಯಾಗಿತ್ತು, ಹೊಗಳಲಿಲ್ಲ. ಶಿರಾದ ಮೇಲೂ ಹೆಸರು ಬರೆಯಲು ಬರುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಪ್ಪನಿಗೆ ಅಹಮದಾಬಾದಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ತಾಮ್ರದ ಅಚ್ಚನ್ನು ನಾನು ನನ್ನ ಬಟ್ಟೆಗಳ ನಡುವೆ ಇಟ್ಟುಕೊಂಡಿದ್ದೆ. ಅವ್ವ ಅದನ್ನು ಹುಡುಕಿ ತೆಗೆದು, ಒರೆಸಿ, ಬೀಳ್ಕೊಡಲು ಬಂದ ಹೇತಲ್‌ಳ ಕೈಯಲ್ಲಿಟ್ಟಳು. ನನ್ನ ಮುಖ ನೋಡಿ ಒಂದೇ ಮಾತು ಹೇಳಿದಳು: ನಿನ್ನ ಹತ್ತಿರ ಇದ್ದರೆ ಅಟ್ಟದ ಮೇಲಿರುತ್ತದೆ, ಅವಳ ಹತ್ತಿರ ಇದ್ದರೆ ಒಲೆಯ ಮೇಲಿರುತ್ತದೆ. ಮಾತು ಸರಿಯಾಗಿತ್ತು. ಸರಿಯಾದ ಮಾತಿನಷ್ಟು ಹೊಟ್ಟೆ ಉರಿಸುವುದು ಬೇರೆ ಯಾವುದೂ ಇಲ್ಲ.

ಅಜ್ಜಿ ಹೋದಳು, ಅಪ್ಪನೂ ಹೋದರು. ಅವ್ವ ಈಗ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದಾಳೆ. ಅವಳ ಕೈ ನಡುಗುತ್ತದೆ, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಹೇತಲ್ ಸೂರತ್ತಿನ ಅಡಾಜಣ್‌ನಲ್ಲಿ ಕೇಕು ಮಾಡಿ ಮಾರುತ್ತಾಳೆ, ಕಲಿಸುತ್ತಾಳೆ. ಫೋನಿನಲ್ಲಿ ಅವಳ ಕೇಕುಗಳ ಚಿತ್ರಗಳು ಬರುತ್ತವೆ, ಅದೇ ನೆರಿಗೆ, ಅದೇ ಗೋಪುರ, ಕೆಳಗೆ ನೂರಾರು ಜನರ ಮೆಚ್ಚುಗೆ. ನಾನು ಎಲ್ಲವನ್ನೂ ನೋಡುತ್ತೇನೆ, ಒಂದಕ್ಕೂ ಮೆಚ್ಚುಗೆ ಒತ್ತುವುದಿಲ್ಲ. ವಾರಕ್ಕೊಮ್ಮೆ ಅವಳು ವಿಡಿಯೋ ಕರೆ ಮಾಡಿ, ಮಾಸಿ, ನವಿಲಿನ ಕೊರಳಿಗೆ ಎಷ್ಟು ಎಳೆ ಬಿಡಬೇಕು ಎಂದು ಕೇಳುತ್ತಾಳೆ. ಔಷಧಿ ತೆಗೆದುಕೊಂಡೆಯಾ ಎಂದು ನಾನು ಕೇಳಿದರೆ ಹ್ಞಾಂ ಎಂದಷ್ಟೇ ಹೇಳುವ ಅವ್ವ, ಆ ನವಿಲಿನ ಕೊರಳಿನ ಬಗ್ಗೆ ಊಟದ ಹೊತ್ತು ಮೀರುವವರೆಗೂ ಮಾತನಾಡುತ್ತಾಳೆ.

ಈ ಶ್ರಾವಣದಲ್ಲಿ ನನ್ನ ದಶಮಿಯ ದಿನ ಬಾಗಿಲ ಗಂಟೆ ಸದ್ದಾಯಿತು. ಸೂರತ್ತಿನಿಂದ ಬೆಳಗಿನ ರೈಲಿಗೆ ಬಂದ ಹೇತಲ್, ಮಡಿಲಲ್ಲಿಟ್ಟುಕೊಂಡು ತಂದ ಡಬ್ಬ. ಒಳಗೆ ಆ ಅಚ್ಚಿನಲ್ಲೇ ಮಾಡಿದ ಕೇಕು, ಪ್ರತಿ ನೆರಿಗೆಗೂ ಒಂದು ಗೋಪುರ. ನಡುವಿನ ಹೂವು ಖಾಲಿ. ನನ್ನ ತಿಥಿ ಇವಳಿಗೆ ಹೇಗೆ ಗೊತ್ತು ಎಂದು ಅವ್ವನ ಕಡೆ ನೋಡಿದೆ. ಅವ್ವ ಕಿಟಕಿಯ ಕಡೆ ನೋಡಿದಳು. ಹೇತಲ್ ಚೀಲದಿಂದ ಗುಲಾಬಿ ಐಸಿಂಗ್ ತುಂಬಿದ ಕೋನು ತೆಗೆದು ಅವ್ವನ ಕೈಗೆ ಕೊಟ್ಟಳು.

"ಮಾಸಿ, ನಾಮ್ ತೋ ತಮೇಜ್ ಲಖೋ. ನೀವೇ ಬರೀಬೇಕು."

ಕೊನೆಯ ಎರಡು ಮಾತನ್ನು ಅವಳು ಕನ್ನಡದಲ್ಲೇ ಹೇಳಿದಳು, ಕಲಿತುಕೊಂಡು ಬಂದಿರಬೇಕು. ಅವ್ವ ಗೋಡೆಯ ಮೇಲಿನ ಅಜ್ಜಿಯ ಫೋಟೋ ನೋಡಿದಳು.

"ಅತ್ತ್ಯಾರ ಬೈತಾರ."

"ಬೈಲಿ ಬಿಡವ್ವಾ," ಎಂದೆ. "ಬರಿ."

ಅವ್ವ ಕೋನು ಹಿಡಿದು ಬಗ್ಗಿದಳು. ಸು ಬರೆಯುವ ಮೊದಲೇ ಕೈ ಅದುರಿ ಐಸಿಂಗ್ ಅಡ್ಡಾದಿಡ್ಡಿ ಹೋಯಿತು. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಹೇತಲ್ ಪಕ್ಕಕ್ಕೆ ಬಂದು ಅವ್ವನ ಮಣಿಕಟ್ಟನ್ನು ಮೆಲ್ಲಗೆ ಹಿಡಿದಿದ್ದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಅವ್ವನ ಕೈ ಎತ್ತ ತಿರುಗುತ್ತದೆ ಎಂಬುದು ಆ ಕೈಗಿಂತ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಇಬ್ಬರೂ ಉಸಿರು ಹಿಡಿದು ಬರೆದರು. ಸುಮಂಗಲಾ. ಜನ್ಮದಲ್ಲಿ ಮೊದಲ ಸಲ ನನ್ನ ಹೆಸರು ಅವ್ವನ ಕೈಯಿಂದ ಕೇಕಿನ ಮೇಲೆ ಬಂತು, ಹೇತಲ್ ಅದನ್ನು ನೋಡಿದಳು. ಕೇಳಿದ್ದು ಕೇಳಿದ ಹಾಗೇ ಆಯಿತು. ನಾನೋ ಆ ಮಣಿಕಟ್ಟಿನ ಮೇಲಿದ್ದ ಅವಳ ಬೆರಳುಗಳನ್ನೇ ನೋಡುತ್ತಿದ್ದೆ.

ಮೇಣಬತ್ತಿ ಹಚ್ಚಲಿಲ್ಲ. ಅವ್ವ ಕೂತಲ್ಲಿಂದಲೇ ಆರತಿ ಎತ್ತಿದಳು. ನಾನು ಚಾಕು ತೆಗೆದುಕೊಂಡು ಹೂವಿನ ಸುತ್ತಲೂ ಎಚ್ಚರಿಕೆಯಿಂದ ಕೊಯ್ದೆ, ಅಜ್ಜಿ ಮೇಲಿಂದ ನೋಡಿದರೂ ತಪ್ಪು ಹುಡುಕಲಾರದ ಹಾಗೆ. ಅವ್ವನಿಗೆ ಮೆತ್ತನೆಯ ತುಂಡು ತಿನ್ನಿಸಿದೆ. ಹೇತಲ್‌ಗೆ ಎಲ್ಲರಿಗಿಂತ ದೊಡ್ಡದು ಕೊಟ್ಟೆ, ಗೋಪುರಗಳಿದ್ದ ತುಂಡು, ದೂರದಿಂದ ಬಂದವಳಲ್ಲವೇ. ನಡುವಿನ ಹೂವನ್ನು ನನ್ನ ತಟ್ಟೆಗೆ ಎತ್ತಿಟ್ಟುಕೊಂಡು, ಅವಳ ಎದುರಿಗೇ ಕೂತು ಪೂರಾ ತಿಂದೆ. ನನ್ನ ಹೆಸರಿನ ಒಂದಕ್ಷರವನ್ನೂ ಅವಳಿಗೆ ಕೊಡಲಿಲ್ಲ.